ಸುಣ್ಣದಡಿಯಿಂದ ಎದ್ದ ಮಂಜಿ

ಎಪ್ಪತ್ತರ ದಶಕದಿಂದ ಮಂಗಳೂರಿನ ಗೋಡೆಗಳ ಮೇಲೆ ಅಕ್ಷರ ಬರೆದು ಬದುಕಿದ ಲೋಕನಾಥನಿಗೆ ಗೀಚುವವರನ್ನು ಕಂಡರಾಗದು. ಅನುಮತಿ ಪಡೆದು, ನೂಲು ಹಿಡಿದು ಗೆರೆ ಹಾಕಿ ಬರೆದದ್ದು ಕಲೆ. ಕದ್ದು ಬರೆದದ್ದು ಊರಿಗೆ ಅಂಟಿದ ಕೊಳೆ ಎಂಬುದು ಅವನ ನಂಬಿಕೆ. ದುಡಿಮೆಯನ್ನು ಪ್ರಾರ್ಥನೆಯಂತೆ ನಡೆಸಿದ ಮನುಷ್ಯನ ಆ ಕಟ್ಟುನಿಟ್ಟನ್ನು ನಾನು ಹಗುರವಾಗಿ ಕಾಣಲಾರೆ.

ಎಂಬತ್ತಮೂರರ ಚುನಾವಣೆಗೆ ಹತ್ತು ದಿನವಿರುವಾಗ, ಬಂದರಿನಲ್ಲಿ ಸರಕು ಏರಿಸಿ ಇಳಿಸುವ ಧಕ್ಕೆಯೆದುರಿನ ಗೋದಾಮಿನ ಗೋಡೆ ಅವನ ಪಾಲಿಗೆ ಬಂತು. ಅದರ ಮೇಲೆ ಯಾರೋ ಒಂದು ಮಂಜಿಯನ್ನು, ಸರಕು ಹೊತ್ತು ಕಡಲಿಗಿಳಿಯುವ ಹಾಯಿಹಡಗನ್ನು, ಕಪ್ಪಾಗಿ ಬಿಡಿಸಿದ್ದರು. ಇದ್ದಿಲೆಂದು ಬಗೆದ ಲೋಕನಾಥ ಎರಡು ಸಲ ಸುಣ್ಣ ಬಳಿದು, ಅಭ್ಯರ್ಥಿಯ ಹೆಸರನ್ನು ಆಳೆತ್ತರದ ನೀಲಿ ಅಕ್ಷರಗಳಲ್ಲಿ ಬರೆದ. ಆದರೆ ಅದು ದೋಣಿಯ ಹಲಗೆಗೆ ಹಚ್ಚುವ ಗೇರುಸಿಪ್ಪೆಯ ಎಣ್ಣೆ. ಸುಣ್ಣ ಅದನ್ನು ಮುಚ್ಚಲಾರದು. ಮೂರನೆಯ ದಿನ ಹೆಸರಿನ ನಡುವಿನಿಂದಲೇ ಕಂದು ಬಣ್ಣದ ಮಂಜಿ ಮೇಲೆದ್ದಿತು.

“ಎಂತದು ಮಾರಾಯ ಇದು?” ಎಂದ, ಪಕ್ಷದ ಪ್ರಚಾರ ನೋಡುತ್ತಿದ್ದ ಚಿತ್ತರಂಜನ. “ನಮ್ಮವರು ಓಟಿಗೆ ನಿಂತದ್ದಾ, ಲಕ್ಷದ್ವೀಪಕ್ಕೆ ಹೊರಟದ್ದಾ? ಕೆರೆದು ತೆಗಿ. ಇಲ್ಲದಿದ್ರೆ ಬಂದರಿನ ಗೋಡೆ ಒಂದೂ ನಿನಗಿಲ್ಲ.”

ಮರುದಿನ ಬೆಳಿಗ್ಗೆ ಲೋಕನಾಥ ಉಳಿ ಹಿಡಿದು ಬಂದಾಗ, ಧಕ್ಕೆಯಲ್ಲಿ ಮೂಟೆ ಹೊರುವ ಝಕರಿಯಾ ಗೋಡೆಯ ಬುಡದಲ್ಲಿ ಕುಳಿತಿದ್ದ. ಮಂಜಿ ಬಿಡಿಸಿದವನು ಇವನೇ ಎಂದು ಅವನ ನೋಟದಲ್ಲೇ ಲೋಕನಾಥನಿಗೆ ತಿಳಿಯಿತು.

“ಇದು ನಿಮ್ಮ ಕೆಲಸವಾ ಬ್ಯಾರಿಗಳೇ? ಕೇಳಿ ಬರೆದದ್ದಾ?”

“ಯಾರ ಹತ್ರ ಕೇಳುದು ಲೋಕನಾಥಣ್ಣ? ಆರು ಜನ ಇಲ್ಲಿಂದಲೇ ಮಂಜಿ ಹತ್ತಿದ್ದು. ನನ್ನ ತಮ್ಮನೂ ಇದ್ದ. ಮಂಜಿಯೂ ಬರ್ಲಿಲ್ಲ, ಹೂಳ್ಲಿಕ್ಕೆ ಮಯ್ಯತ್ತೂ ಸಿಗ್ಲಿಲ್ಲ. ಕಬರೇ ಇಲ್ಲದವನ ಹತ್ರ ಎಲ್ಲಿ ಹೋಗಿ ನಿಲ್ಲುದು?”

“ಕಾಗದದಲ್ಲಿ ಬಿಡಿಸಿ ಮನೆಯಲ್ಲಿ ಇಟ್ಕೊಳ್ಬಹುದಿತ್ತಲ್ಲ.”

“ಮನೆಯಲ್ಲಿ ನನಗೆ ಮರೆತು ಹೋಗುದಿಲ್ಲ. ಬಂದರಿಗೆ ಮರೆತು ಹೋಗ್ತದೆ.”

ಅನುಮತಿಯಿಲ್ಲದ ಬರಹವೆಲ್ಲ ಪವಿತ್ರವೆಂದು ನಾನು ಹೇಳುತ್ತಿಲ್ಲ. ಆದರೆ, ಪ್ರಿಯರೇ, ಅನುಮತಿ ಪಡೆದು ನಾವು ಬರೆಯುವ ಎಷ್ಟೋ ಹೆಸರುಗಳಿಗೆ ಹತ್ತು ದಿನದ ಆಯುಷ್ಯ. ಆ ಬೆಳಿಗ್ಗೆ ಲೋಕನಾಥನ ಕೈಯನ್ನು ತಡೆದವನು ದೇವರೇ ಎಂಬುದು ನನ್ನ ದೃಢ ವಿಶ್ವಾಸ.

ಅವನು ಉಳಿಯನ್ನು ಚೀಲಕ್ಕೆ ಹಾಕಿ ಚಿತ್ತರಂಜನನಲ್ಲಿಗೆ ನಡೆದ.

“ಆ ಗೋಡೆ ನನ್ನಿಂದಾಗುದಿಲ್ಲ.”

“ಹಾಗಾದ್ರೆ ಉಳಿದದ್ದೂ ಬೇಡ ಅಲ್ವಾ?”

“ಬೇಡ.”

ನಿಯಮ ಬಿಡುವವನಲ್ಲ ಲೋಕನಾಥ. ಗೋದಾಮಿನ ಯಜಮಾನ ಅಹ್ಮದ್ ಬಾವರನ್ನು ಕಂಡು ಮಂಜಿಗೆ ಅನುಮತಿ ಕೇಳಿದ. ಅವರು ಗೋಡೆಯ ಬಳಿಗೆ ಬಂದು ನೋಡಿ, ಆಗಲೆಂದು ತಲೆಯಾಡಿಸಿದರು. ಲೋಕನಾಥ ತಾನೇ ಬರೆದ ಹೆಸರಿನ ಮೇಲೆ ಸುಣ್ಣ ಬಳಿದ. ಅದು ಒಣಗಿ ಮಂಜಿ ಪುನಃ ಕಂಡಾಗ, ಅದರ ಕೆಳಗೆ ನೂಲು ಹಿಡಿದು ಗೆರೆ ಹಾಕಿ, ಕುಂಚವನ್ನು ನೀಲಿಯಲ್ಲಿ ಅದ್ದಿ, “ಹೆಸರು ಹೇಳಿ” ಎಂದ.

ಝಕರಿಯಾ ಐದು ಹೆಸರು ಹೇಳಿದ. “ತಮ್ಮನಿಗೆ ಮನೆಯಲ್ಲಿ ಕುಂಞಿ ಹೇಳ್ತಿದ್ದದ್ದು, ಸಣ್ಣವ ಅಂತ. ಅದೇ ಬರೆಯಿರಿ.”

ಲೋಕನಾಥ ಅದನ್ನೂ ಉಳಿದವುಗಳಷ್ಟೇ ದೊಡ್ಡದಾಗಿ ಬರೆದ.