ಜಯಮಂಗಲಿಯ ಮರಳಿನಲ್ಲಿ ನೀರಿನ ಹಿಂದೆ ಮೂರು ದಿನ

ಬೆಳಿಗ್ಗೆ ಆರೂಕಾಲಿಗೆ ಶಿರಾ ಬಿಟ್ಟೆ. ಇಪ್ಪತ್ತೆಂಟು ವರ್ಷ ಇದೇ ರೂಟಿನಲ್ಲಿ ಕಂಡಕ್ಟರಾಗಿ ಟಿಕೆಟ್ ಹರಿದವನು ನಾನು, ನಿವೃತ್ತನಾದ ಮೇಲೆ ಕೊಳ್ಳಬೇಕಾಗಿದೆ. ಅಕ್ಕಪಕ್ಕದ ಹೆಂಗಸರೆಲ್ಲ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಕುಳಿತಿದ್ದರು. ನಾನೊಬ್ಬನೇ ಜೇಬು ತಡಕಾಡುವುದನ್ನು ನೋಡಿ ಕಂಡಕ್ಟರ್ ಹುಡುಗಿ ನಕ್ಕಳು. ಮಧುಗಿರಿಯಲ್ಲಿ ಬಸ್ಸು ಬದಲಿಸಿ ಕೊರಟಗೆರೆಯಲ್ಲಿ ಇಳಿದಾಗ ಎಂಟೂವರೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಎರಡು ತಟ್ಟೆ ಇಡ್ಲಿ ತಿಂದೆ. ಚಟ್ನಿ ಚೆನ್ನಾಗಿತ್ತು, ಸಾಂಬಾರಿನ ವಿಷಯ ಬೇಡ.

ನನ್ನನ್ನು ಕರೆಸಿದ್ದವನು ಬಾಮೈದ ಗಂಗಣ್ಣ. ಜಯಮಂಗಲಿ ಹೊಳೆಗೆ ಅಡ್ಡ ಕಟ್ಟಿದ ಒಂದು ಚಿಕ್ಕ ಅಣೆಕಟ್ಟೆಯ ಗೇಟು ಎತ್ತಿ ಇಳಿಸುವುದು ಅವನ ಕೆಲಸ. ಗೇಟಿನಿಂದ ಕೆಳಕ್ಕೆ ಹೊಳೆಯೆಂದರೆ ಬರೀ ಮರಳು. ಹದಿನೈದು ಕಿಲೋಮೀಟರ್ ಕೆಳಗೆ, ಆಂಧ್ರದ ಗಡಿಯ ಕಡೆಗಿರುವ ಒಂದು ಹಳ್ಳಿಯಲ್ಲಿ ಮಾತ್ರ ತಲಪರಿಗೆಯೊಂದು ಉಳಿದಿತ್ತು. ಮರಳಿನಲ್ಲಿ ತಾನಾಗಿ ಜಿನುಗುವ ಬುಗ್ಗೆಯ ಸುತ್ತ ಗುಂಡಿ ತೋಡಿ ನೀರು ನಿಲ್ಲಿಸಿಕೊಂಡರೆ ಅದೇ ತಲಪರಿಗೆ. ಅದೂ ಬತ್ತುತ್ತಿತ್ತು. ಈ ಸಲ ಅಣೆಕಟ್ಟೆ ತುಂಬಿದ್ದರಿಂದ ಮೂರು ದಿನ ಹೊಳೆಗೇ ನೀರು ಬಿಡೋಣವೆಂದು ಗಂಗಣ್ಣ ಅಚ್ಚುಕಟ್ಟಿನ ರೈತರನ್ನು ಗೋಗರೆದಿದ್ದ. ಅವರು ಒಪ್ಪಿದರೆ ಸರಿ ಎಂದು ಇಲಾಖೆಯವರೂ ಹೇಳಿದ್ದರು.

ರೈತರ ಪರವಾಗಿ ಮಾತಾಡುತ್ತಿದ್ದ ರಂಗಪ್ಪ ಗೇಟಿನ ಕಟ್ಟೆಯ ಮೇಲೆಯೇ ಕುಳಿತಿದ್ದ. "ನಮ್ಮ ಗದ್ದೆ ನೀರ ತಗಂಡೋಗಿ ಮರಳಿಗೆ ಸುರೀತೀಯ, ಸುರಿ. ನಾಡಿದ್ದು ಹನ್ನೆರಡು ಗಂಟೆಗೆ ಗೇಟ್ ಇಳಿಸ್ಬುಡಬೇಕು. ಅಷ್ಟರೊಳಗೆ ಆ ತಲಪರಿಗೆಗೆ ನೀರು ಸೇರ್ಲಿಲ್ಲ ಅಂದ್ರೆ, ಮುಂದಿನ ವರ್ಷದಿಂದ ಹೊಳೆ ಸುದ್ದಿ ಎತ್ತಬ್ಯಾಡ ಕಣ್ಲಾ ಗಂಗ" ಎಂದ.

ನೀರಿನ ಜೊತೆಗೇ ಹೋಗಿ ಫೋನಿನಲ್ಲಿ ವರದಿ ಕೊಡುವುದು ನನ್ನ ಕೆಲಸ. ಗಂಗಣ್ಣ ಗೇಟನ್ನು ಒಂದು ಗೇಣು ಎತ್ತಿದ. ನಾನು ಅವನ ಮೊಪೆಡ್ ಹತ್ತಿ ದಡದ ಬಂಡಿಜಾಡಿನಲ್ಲಿ ಹೊರಟೆ. ಬಿಸಿಲಿಗೆ ನೊರೆ ಹೊತ್ತು, ಹೊಂಗೆ ಎಲೆಗಳನ್ನು ಮುಂದಕ್ಕೆ ತಳ್ಳಿಕೊಂಡು ನೀರು ಬರುತ್ತಿತ್ತು. ಒಂದು ಗುಂಡಿ ಕಂಡರೆ ನಿಂತು, ತುಂಬಿಸಿ, ಆಮೇಲೆ ಹೊರಡುತ್ತಿತ್ತು. ಟೈಮ್‌ಟೇಬಲ್ ಅಂತ ಒಂದಿಲ್ಲವಲ್ಲ ಇದಕ್ಕೆ ಎಂದು ನನಗೆ ಸಿಟ್ಟು ಬಂತು. ಆದರೂ ಮಧ್ಯಾಹ್ನದ ಹೊತ್ತಿಗೆ ಎರಡು ಮಿಂಚುಳ್ಳಿ ಅದರ ಜೊತೆ ಸೇರಿಕೊಂಡಾಗ ಖುಷಿಯಾಯಿತು. ಒಂದು ಊರಲ್ಲಿ ಜನ ನೀರು ಕಂಡದ್ದೇ ತಡ, ಅರಿಶಿನ ಕುಂಕುಮ ಹಾಕಿ ಕೈಮುಗಿದು, ಮರುಕ್ಷಣವೇ ಗುದ್ದಲಿ ತಂದು ಮರಳಿನ ಕಟ್ಟೆ ಹಾಕತೊಡಗಿದರು. ನೀರು ಕಂಡಲ್ಲಿ ಕಟ್ಟಿಕೊಳ್ಳುವುದು ಈ ಸೀಮೆಯ ಕೈಗಳಿಗೆ ಹುಟ್ಟಿನಿಂದ ಬಂದದ್ದು. "ಹೋಲ್ಡಾನ್!" ಎಂದು ನನ್ನ ಹಳೆಯ ಗಂಟಲಿನಲ್ಲಿ ಕೂಗಿದೆ. ವಿಷಯ ತಿಳಿದ ಮೇಲೆ ಅವರೇ ಕಟ್ಟೆ ಒಡೆದು, ನನಗೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಆ ರಾತ್ರಿ ಅಲ್ಲೇ ಮಲಗಿದೆ.

ಎರಡನೆಯ ದಿನ ಸಂಜೆ ನಾನು ತಲಪರಿಗೆ ತಲುಪಿದೆ, ನೀರು ತಲುಪಲಿಲ್ಲ. ಒಂದು ಫರ್ಲಾಂಗ್ ಮೇಲೆ, ಹೊಳೆಯ ತಿರುವಿನಲ್ಲಿ ನಿಂತುಬಿಟ್ಟಿತ್ತು. ಬರುವ ನೀರೆಲ್ಲ ಅಲ್ಲೇ ಇಂಗುತ್ತಿತ್ತು. ತಲಪರಿಗೆ ನೋಡಿಕೊಳ್ಳುವ ನರಸಕ್ಕ ಎಪ್ಪತ್ತು ದಾಟಿದ ಹೆಂಗಸು. ಹಿಂದೆಲ್ಲ ಸಂಕ್ರಾಂತಿ ಕಳೆದ ಮೇಲೆ ಮನೆಗೊಂದಾಳು ಬಂದು ಹೂಳು ತೆಗೆಯುತ್ತಿದ್ದರಂತೆ, ಈಗ ಅವಳೇ ತೆಗೆಯುತ್ತಾಳೆ. ಕೇದಿಗೆ ಪೊದೆಯ ಕೆಳಗಿನ ಗುಂಡಿಯಲ್ಲಿ ಪಾದ ಮುಳುಗುವಷ್ಟೇ ಹಸಿರು ನೀರಿತ್ತು. ಅದರಲ್ಲಿ ಏಳೆಂಟು ಕೊರವ ಮೀನುಗಳು ಬೆನ್ನು ಹೊರಗೆ ಹಾಕಿ ಬಾಯಿ ಬಾಯಿ ಬಿಡುತ್ತಿದ್ದವು. ನೋಡಲಾಗಲಿಲ್ಲ.

ಗಂಗಣ್ಣನಿಗೆ ಫೋನ್ ಹಚ್ಚಿ, "ಇನ್ನೊಂದು ಮೊಳ ಎತ್ತು!" ಎಂದೆ.

ನರಸಕ್ಕ ಫೋನನ್ನು ಕಸಿದುಕೊಂಡೇಬಿಟ್ಟಳು. "ಬ್ಯಾಡಪ್ಪಾ! ಜೋರಾಗಿ ಬುಟ್ರೆ ಮಣ್ಣು ಹೊತ್ಕಂಡು ಬಂದು ಬುಗ್ಗೆ ಬಾಯಿ ಮುಚ್ಬುಡ್ತದೆ. ನೀನು ಎಷ್ಟು ಬುಟ್ಟಿದ್ದೀಯೋ ಅಷ್ಟೇ ಇರ್ಲಿ." ಆಮೇಲೆ ನನ್ನ ಕಡೆ ತಿರುಗಿ, "ತೊಂದರ ಎಂದುಕಯ್ಯಾ, ಏನವಸರ ನಿನಗೆ? ಇದೇನು ಬಸ್ಸಾ? ಮರಳು ಮೊದ್ಲು ಕುಡೀಬೇಕು" ಎಂದಳು. ನನಗೆ ಮುಖಭಂಗವಾಯಿತು. ಗಂಗಣ್ಣ ಅವಳ ಮಾತನ್ನೇ ಕೇಳಿದ.

ಮೂರನೆಯ ದಿನ ಬೆಳಿಗ್ಗೆ ತಿರುವಿಗೆ ನಾಲ್ಕು ಸಲ ಹೋಗಿ ಬಂದೆ. ನೀರು ಒಂದು ಮಾರೂ ಮುಂದೆ ಬಂದಿರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಗಂಗಣ್ಣನ ವಿಡಿಯೋ ಕರೆ ಬಂತು. ಅವನ ಹೆಗಲ ಹಿಂದೆ ರಂಗಪ್ಪನ ಮುಖ. ಫೋನನ್ನು ಹೊಳೆಯ ಕಡೆ ತಿರುಗಿಸಿ ತೋರಿಸಿದೆ.

"ನೋಡ್ಲಾ, ಬರೀ ಮರಳು. ನಾನು ಹೇಳ್ಲಿಲ್ವಾ?" ಎಂದ ರಂಗಪ್ಪ. ಗಂಗಣ್ಣ ತಲೆ ತಗ್ಗಿಸಿದ. ನನಗೆ ಅಳು ಬರುವುದೊಂದು ಬಾಕಿ.

"ಏಯ್ ಕಂಡಕ್ಟ್ರೇ, ಇಲ್ಲಿ ಇಳೀಯಯ್ಯಾ!" ಎಂದು ನರಸಕ್ಕ ಗುಂಡಿಯೊಳಗಿಂದ ಕೂಗಿದಳು. ಪಂಚೆ ಎತ್ತಿ ಇಳಿದೆ. ನೀರು ಮೊಣಕಾಲು ಮುಟ್ಟಿತು. ತಣ್ಣಗಿತ್ತು. ನಾನು ಬೆಳಗಿನಿಂದ ಮೇಲಿನ ಮರಳನ್ನೇ ಕಾಯುತ್ತಿದ್ದೆ, ನೀರು ಅಡಿಯಿಂದ ಬಂದಿತ್ತು. ಬುಗ್ಗೆಯ ಬಾಯಲ್ಲಿ ಮರಳು ಅಕ್ಕಿ ಕುದಿದಂತೆ ಕುದಿಯುತ್ತಿತ್ತು. ಕೊರವ ಮೀನೊಂದು ನನ್ನ ಕಾಲಿಗೆ ತಾಗಿ ಆಳಕ್ಕೆ ಹೋಯಿತು. ಫೋನನ್ನು ನೀರಿನ ಮೇಲೆ ಹಿಡಿದೆ.

ರಂಗಪ್ಪನ ಮುಖ ಪರದೆಯ ತುಂಬ ಬಂತು.

"ಮೀನಾ ಅದು?" ಎಂದ ರಂಗಪ್ಪ.

"ಹೂಂ, ಕೊರವ" ಎಂದೆ.

ಗಂಗಣ್ಣ ವಾಚು ನೋಡಿಕೊಂಡು ಗೇಟಿನ ಚಕ್ರದ ಕಡೆ ಎದ್ದ. ಕೊಟ್ಟ ಮಾತು ಮಾತೇ ಅಲ್ಲವೇ. ರಂಗಪ್ಪ ಅವನ ರಟ್ಟೆ ಹಿಡಿದು ಕೂರಿಸಿದ್ದು ಫೋನಿನಲ್ಲಿ ಕಂಡಿತು. "ಏನ್ ಅವಸರ ಕುಂತ್ಕೊಳ್ಲಾ. ಅವು ಕುಡ್ಕಳ್ಲಿ. ಸಾಯಂಕಾಲ ಇಳಿಸುವಂತೆ."