ದುರ್ಗಕ್ಕನ ಐದನೆಯ ಬಾಗಿಲು

ಚಿತ್ತವಾಡ್ಗಿಯ ದುರ್ಗಕ್ಕ ಹಾಡಹಗಲೇ ಒಮ್ನಿ ವ್ಯಾನು ಕದಿಯಲು ಹೋಗಿ, ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಬಿದ್ದಳೆಂಬ ಸುದ್ದಿ ಕಂಪ್ಲಿಯವರೆಗೂ ಹೋಗಿತ್ತು. ಸಿಕ್ಕಿಬಿದ್ದದ್ದು ನಿಜ. ಒಮ್ನಿ ಮಾತ್ರ ಅವಳದೇ; ಹದಿನೆಂಟು ವರ್ಷಗಳಿಂದ ಅದನ್ನು ಹಂಪಿಗೆ ಓಡಿಸುತ್ತಿರುವವಳೂ ಅವಳೇ.

ಕಮಲಾಪುರದ ಹೋಟೆಲೊಂದು ತನ್ನ ಅತಿಥಿಗಳಿಗಾಗಿ ಕಾಯಂ ಗಾಡಿ ಹುಡುಕುತ್ತಿತ್ತು. ಮ್ಯಾನೇಜರ್ ವಿಜಯಕುಮಾರ್ ಅವರದು ಒಂದೇ ಷರತ್ತು: ಗುಂಡಿ ಒತ್ತಿದರೆ ಎಲ್ಲ ಬಾಗಿಲುಗಳಿಗೂ ಒಟ್ಟಿಗೆ ಬೀಗ ಬೀಳಬೇಕು. ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾದು ಸಾಕಾಗಿದ್ದ ದುರ್ಗಕ್ಕ, ಮೆಕ್ಯಾನಿಕ್ ಲಿಂಗರಾಜನಿಂದ ಬಾಗಿಲುಗಳೊಳಗೆ ಪುಟ್ಟ ಮೋಟರುಗಳನ್ನು ಕೂರಿಸಿಕೊಂಡಳು. ಪೆಟ್ಟಿಗೆಯಲ್ಲಿ ಬಂದ ರಿಮೋಟು ಎರಡು, ಮೋಟರು ನಾಲ್ಕು. ಒಮ್ನಿಗೆ ಬಾಗಿಲು ಐದು. ಬೀಗ ಸವೆದಿದ್ದ ಹಿಂಬಾಗಿಲನ್ನು ಎಂದಿನಂತೆ ಬಂಪರಿಗೆ ಹಗ್ಗದಿಂದಲೇ ಕಟ್ಟಿದ್ದಾಯಿತು. ಹೋಟೆಲಿನವರು ಗಾಡಿ ಪರೀಕ್ಷಿಸುವ ದಿನ ಆ ಹಗ್ಗ ಕಾಣದಂತೆ ಚೆಂಡುಹೂವಿನ ಮಾಲೆಯನ್ನು ದಪ್ಪಗೆ ಸುತ್ತಿದಳು. ಪೂಜೆಯ ಹೂವನ್ನು ಯಾರು ಶಂಕಿಸುತ್ತಾರೆ?

ಹೊಸದೇನು ಬಂದರೂ ಹುಲಿಗೆಮ್ಮನ ಪಟದ ಮುಂದಿಟ್ಟೇ ಬಳಸುವುದು ಅವಳ ಪದ್ಧತಿ. ಒಂದನ್ನು ಹೊರಗುಳಿಸಿದರೆ ಪಂಕ್ತಿಭೇದವಾದೀತೆಂದು ಹೋಟೆಲಿನ ಅಂಗಳದಲ್ಲಿ ಎರಡೂ ರಿಮೋಟು, ಎರಡೂ ಕೀಲಿಗಳಿಗೆ ಕುಂಕುಮ ಹಚ್ಚಿ, ಗಾಡಿಯೊಳಗಿನ ಪಟದ ಮುಂದಿಟ್ಟು ಇಳಿದಳು. ಬಾಗಿಲುಗಳಿಗೂ ಕುಂಕುಮವಿಡಬೇಕಲ್ಲ, ನಾಲ್ಕನ್ನೂ ಮುಚ್ಚಿದಳು. ಅರ್ಧ ನಿಮಿಷಕ್ಕೆ ತಾನಾಗಿಯೇ ಬೀಗ ಹಾಕಿಕೊಳ್ಳುವುದು ಆ ಯಂತ್ರದ ಗುಣ. ಹಾಕಿಕೊಂಡಿತು.

"ಮಸ್ತ್ ಐತ್ರಿ!" ಎಂದರು ವಿಜಯಕುಮಾರ್. "ಈಗ ತಗೀರಿ."

ಜೊತೆಗೆ ಬಂದಿದ್ದ ಲಿಂಗರಾಜ ಪಿಸುಗುಟ್ಟಿದ: "ಅಕ್ಕಾ, ಹಿಂದಿನ ಹಗ್ಗ ಬಿಚ್ಚಲೇನು?"

"ಬಾಯಿ ಮುಚ್ಚಲೇ! ಗಾಜಿನ ಸಂದ್ಯಾಗ ಸ್ಕೇಲ್ ಹಾಕು."

ಮುಕ್ಕಾಲು ಗಂಟೆ ಸ್ಕೇಲು ಆಡಿಸಿದ ಲಿಂಗರಾಜ ಹೆಮ್ಮೆಯಿಂದಲೇ ಸೋತ. "ನಾನ ಹಾಕಿದ್ದು, ನನಗ ತಗ್ಯಾಕ ಬರವಲ್ದು. ಭಾಳ ಗಟ್ಟಿ ಐತಕ್ಕ."

ಹಂಪಿಗೆ ಹೊರಟ ಅತಿಥಿಗಳು ಬಿಸಿಲಲ್ಲಿ ಕಾಯುತ್ತಿದ್ದರು. ದುರ್ಗಕ್ಕ ಗಾಜಿನಾಚೆಯಿಂದಲೇ ದೇವಿಗೆ ಕೈಮುಗಿದು, ಹೂವು ಕಿತ್ತು, ಹಗ್ಗ ಬಿಚ್ಚಿ, ಹಿಂಬಾಗಿಲಿನಿಂದ ಒಳನುಗ್ಗಿದಳು. ಸೀಟಿನ ಬೆನ್ನಿನ ಮೇಲೆ ಸೊಂಟ ಸಿಕ್ಕಿಕೊಂಡಿತು. ದಾರಿಹೋಕರು ಫೋನು ತೆಗೆದರು. ಸುದ್ದಿ ಹುಟ್ಟಿದ್ದು ಆಗ.

"ದುರ್ಗಕ್ಕ, ನಾಕು ಬಾಗಿಲಾ ಪಾಸು," ಎಂದರು ವಿಜಯಕುಮಾರ್, ಹೊರಗುಳಿದ ಕಾಲುಗಳನ್ನು ಉದ್ದೇಶಿಸಿ. "ಐದನೇದು ರೆಡಿ ಮಾಡ್ಕೊಂಡು ಸೋಮವಾರ ಬರ್ರಿ."

"ಬರ್ತೀನ್ರಿ," ಎಂದಿತು ಒಳಗಿನ ಅರ್ಧ. "ಮೊದ್ಲು ಯಾರಾರ ಒಂದೀಟು ನೂಕ್ರಿ."

ಈಗ ಹಿಂಬಾಗಿಲಿಗೂ ಬೀಗವಿದೆ, ಮೋಟರಿದೆ. ಗಾಡಿ ಹೋಟೆಲಿನ ಪಟ್ಟಿಯಲ್ಲಿದೆ. ಮಂಗಳವಾರದ ಪೂಜೆಯಲ್ಲಿ ಹುಲಿಗೆಮ್ಮನ ಮುಂದೆ ಒಂದೇ ಕೀಲಿಯಿರುತ್ತದೆ. ಇನ್ನೊಂದು ದುರ್ಗಕ್ಕನ ಸೆರಗಿನ ಗಂಟಿನಲ್ಲಿರುತ್ತದೆ.