ಒಲೆಯ ಮೇಲಿನ ಸ್ಪೀಕರ್

ಹೊಸ ಸೌಂಡ್‌ಬಾರ್ ಕೊಂಡರೆ ಹಳೆಯ ಸೆಟ್ಟನ್ನು ತೆಗೆದುಕೊಳ್ಳುತ್ತೇವೆ ಎಂದು ಜಮಖಂಡಿಯ ಅಂಗಡಿಯೊಂದರ ಮುಂದೆ ಬೋರ್ಡು ನೇತಾಡುತ್ತಿತ್ತು. ಅದನ್ನು ನಂಬಿ, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ನಮ್ಮ ಹೋಮ್ ಥಿಯೇಟರನ್ನು ಚೀಲದಲ್ಲಿ ತುಂಬಿಕೊಂಡು ಹೋದೆ. ಅಂಗಡಿಯವನು ಸ್ಪೀಕರುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಪಕ್ಕಕ್ಕಿಡುತ್ತಿದ್ದ. ಕೊನೆಯದು, ಉದ್ದನೆಯದು, ಕೈಗೆ ಬಂದಾಗ ಮೂಗಿನ ಹತ್ತಿರ ಹಿಡಿದು ನಿಂತುಬಿಟ್ಟ.

"ಇದೇನ್ರೀ ಸರ, ಸ್ಪೀಕರು ಒಗ್ಗರಣಿ ವಾಸನಿ ಹೊಡ್ಯಾಕತ್ತೇತಿ?"

ನಾನೂ ಮೂಸಿ ನೋಡಿದೆ. ಖರೆ. ಸಾಸಿವೆ, ಬಳ್ಳೊಳ್ಳಿ, ಸುಟ್ಟ ಎಣ್ಣೆ. ಇಷ್ಟು ವರ್ಷ ಅಟ್ಟದ ಮೇಲೆ ಬಿದ್ದಿದ್ದರೂ ವಾಸನೆ ಹೋಗಿರಲಿಲ್ಲ. ಆ ವಾಸನೆಯ ಹಿಂದೆ ನಮ್ಮ ದೊಡ್ಡವ್ವ ಇದ್ದಾಳೆ. ಅವಳ ಮಾತು ಹೇಳಬೇಕೆಂದರೆ ಮೊದಲು ನಮ್ಮ ಮನೆಯ ಗದ್ದಲದ ಮಾತು ಹೇಳಬೇಕು.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಪಡಸಾಲೆಯ ಗೋಡೆಗೆ ಅಂಟಿಕೊಂಡೇ ಪಾವರ್‌ಲೂಮ್ ಮಗ್ಗಗಳು. ಅವು ಶುರುವಾದರೆ ಲೋಟದೊಳಗಿನ ನೀರೂ ನಡುಗುತ್ತಿತ್ತು. ಟಿವಿ ಇತ್ತು, ಇಲ್ಲವೆಂದಲ್ಲ. ಆದರೆ ಕರೆಂಟು ಇದ್ದಾಗ ಮಗ್ಗ ನಡೆಯುತ್ತಿತ್ತು, ಟಿವಿ ಕೇಳುತ್ತಿರಲಿಲ್ಲ. ಕರೆಂಟು ಹೋಗಿ ಮನೆ ನಿಶ್ಶಬ್ದವಾದಾಗ ಟಿವಿಯೂ ಹೋಗಿರುತ್ತಿತ್ತು. ಹೀಗಾಗಿ ಟಿವಿ ಎಂಬುದು ನೋಡುವ ವಸ್ತುವೆಂದೇ ನಾನು ಬಹಳ ದಿನ ನಂಬಿದ್ದೆ. ಬೇರೆಯವರ ಮನೆಯಲ್ಲಿ ಅದು ಮಾತಾಡಿದ್ದು ಕೇಳಿ ಬೆಚ್ಚಿದ್ದೂ ಉಂಟು.

ನಾವು ನಾವು ಮಾತಾಡುವುದೂ ಹಾಗೆಯೇ ಇತ್ತು. ನೂಲು ಹರಿಯಿತು, ಲಾಳಿಯೊಳಗಿನ ಕಂಡಿಕೆ ಮುಗಿಯಿತು, ಚಹಾ ಆಯಿತೇ, ಇಷ್ಟನ್ನು ತುಟಿ ಅಲುಗಿಸಿ ಕೈ ತೋರಿಸಿ ಮುಗಿಸುತ್ತಿದ್ದೆವು. ಮಾತಾಡಬೇಕೆಂದರೆ ಎದುರಿನವರ ಮುಖ ಕಾಣಬೇಕು. ಬೆನ್ನು ತಿರುಗಿಸಿ ನಿಂತವರ ಜೊತೆ ಮಾತಿಲ್ಲ. ಮನೆಯಲ್ಲಿ ದಿನವೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತಿದ್ದವಳು ಒಬ್ಬಳೇ, ದೊಡ್ಡವ್ವ. ಅವಳ ಒಲೆ ಗೋಡೆಗೆ ಮುಖ ಮಾಡಿತ್ತು.

ದೊಡ್ಡವ್ವ ಅಪ್ಪನ ಅಣ್ಣನ ಹೆಂಡತಿ, ಅಪ್ಪನಿಗೆ ವೈನಿ. ದೊಡ್ಡಪ್ಪ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತವರು ಅನಗವಾಡಿ, ಹೊಳೆದಂಡೆಯದು. ಹೊಳೆಯ ಈ ಕಡೆಯಿಂದ ಕೂಗಿದರೆ ಆ ಕಡೆಯವರು ಓಗೊಡುವ ಊರಿನಿಂದ, ಪಕ್ಕದಲ್ಲಿ ಕೂತವರಿಗೂ ಕೇಳಿಸದ ಮನೆಗೆ ಬಂದಿದ್ದಳು. ಅಡಿಗೆಮನೆ ಮಾತ್ರ ಹಿತ್ತಲ ಕಡೆ, ದಪ್ಪ ಮಣ್ಣಿನ ಗೋಡೆಯ ಆಚೆ ಇತ್ತು. ನಮ್ಮ ಮನೆಯಲ್ಲಿ ಕಿವಿ ಕೆಲಸ ಮಾಡುತ್ತಿದ್ದ ಜಾಗ ಅದೊಂದೇ. ಅಲ್ಲಿಗೆ ಯಾರೂ ಮಾತಾಡಲು ಹೋಗುತ್ತಿರಲಿಲ್ಲ ನೋಡಿ, ಉಣ್ಣಲಿಕ್ಕೆ ಹೋಗುತ್ತಿದ್ದೆವು.

ಡಿವಿಡಿಗಳ ಕಾಲ ಬಂತು. ಮಹಾಲಿಂಗಪುರಕ್ಕೆ ಹೋಗಿದ್ದ ಅಪ್ಪನ ತಮ್ಮ, ನಮ್ಮ ಕಾಕಾ, ಒಂದು ದಿನ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ಬಸ್ಸಿನಿಂದ ಇಳಿದ. "ಇನ್ನ ಮಗ್ಗದ ಗದ್ಲ ಸೋತಂಗ ತಿಳೀರಿ" ಎಂದು ಸಾರಿದ. ಬಿಚ್ಚಿದರೆ ಒಳಗೆ ಒಂದು ವೂಫರು, ಐದು ಸ್ಪೀಕರು.

ನಮ್ಮದು ಕೂಡು ಮನೆ. ಐದು ಸ್ಪೀಕರು ಏಕೆ ಕೊಟ್ಟಿದ್ದಾರೆ ಎಂಬ ಪ್ರಶ್ನೆಗೆ ನಮಗೆ ಹೊಳೆಯಬಹುದಾಗಿದ್ದ ಉತ್ತರ ಒಂದೇ: ಹಂಚಿಕೊಳ್ಳಲಿಕ್ಕೆ. ಪಡಸಾಲೆಗೊಂದು, ನಮ್ಮ ಕೋಣೆಗೊಂದು, ಕಾಕಾನ ಕೋಣೆಗೊಂದು, ಅಜ್ಜಿಯ ಕೋಣೆಗೊಂದು. ಉಳಿದ ಉದ್ದನೆಯದು ಎಲ್ಲಿಯೂ ನೆಟ್ಟಗೆ ನಿಲ್ಲಲಿಲ್ಲ, ಮಲಗಿಸಬೇಕಿತ್ತು. ಅಡಿಗೆಮನೆಯಲ್ಲಿ ಒಲೆಯ ಮೇಲೆ ಗೋಡೆಯೊಳಗಿನ ಮಾಡದಲ್ಲಿ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ವೈರು ಜೋಡಿಸಿ ಎಳೆದು, ಟಿವಿಯ ಸ್ವಂತ ದನಿಯನ್ನು ಕಾಕಾ ಪೂರ್ತಿ ಇಳಿಸಿಬಿಟ್ಟ. ಯಾರಿಗೂ ಅನ್ಯಾಯವಾಗಲಿಲ್ಲ ಎಂದು ಅಪ್ಪನೂ ತಲೆಯಾಡಿಸಿದ.

ಸಿನಿಮಾದ ಮಾತೆಲ್ಲ ಆ ಉದ್ದನೆಯ ಸ್ಪೀಕರಿನಿಂದಲೇ ಬರುತ್ತದೆ ಎಂದು ನಮಗೆ ಹೇಳುವವರು ಯಾರಿದ್ದರು? ಪಡಸಾಲೆಯಲ್ಲಿ ಮಗ್ಗವನ್ನೂ ಮೀರಿಸಿ ತಬಲಾ ಬಡಿಯಿತು. ಅಜ್ಜಿಯ ಕೋಣೆಯಲ್ಲಿ ಗುಡುಗಿತು. "ಮಳಿ ಬಂತು, ಹಿತ್ತಲದಾಗಿನ ನೂಲ ಒಳಗ ತರ್ರೋ" ಎಂದು ಅಜ್ಜಿ ಕೂಗಿ ಎದ್ದಳು. ನಾಯಕ ನಾಯಕಿ ಬಾಯಿ ಅಲುಗಿಸುತ್ತಲೇ ಇದ್ದರು. ತುಟಿ ನೋಡಿ ನಮಗೆ ಓದಲು ಬರುತ್ತಿದ್ದದ್ದು ಮಗ್ಗದ ನಾಲ್ಕು ಮಾತು. ಪ್ರೀತಿ ಮಾಡುವವರು ಕಂಡಿಕೆಯ ಮಾತಾಡುತ್ತಾರೆಯೇ?

ಆಗ ಅಡಿಗೆಮನೆಯಿಂದ ದೊಡ್ಡವ್ವನ ದನಿ ಬಂತು. ಹೊಳೆ ದಾಟಿಸುವ ದನಿ. "ಅಂವಾ ನಾಳಿ ಊರು ಬಿಡತಾನಂತ! ಅಕಿ ಒಲ್ಲೆ ಅನ್ನಾಕತ್ತಾಳ!"

ಅಂದಿನಿಂದ ನಮ್ಮ ಸಿನಿಮಾ ಹೀಗೆ ನಡೆಯಿತು. ನಾವು ನೋಡುವುದು, ದೊಡ್ಡವ್ವ ಕೇಳುವುದು. "ಏನಂದಾ ವೈನೀ?" ಎಂದು ಅಪ್ಪ ಕೂಗುವುದು, ರೊಟ್ಟಿ ಬಡಿಯುತ್ತಲೇ ಅವಳು ಉತ್ತರ ಕೊಡುವುದು. ಖಳನಾಯಕನ ಮಾತನ್ನು ತಿಳಿಸುವಾಗ ತನ್ನದೊಂದು ಬೈಗುಳವನ್ನೂ ಸೇರಿಸುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲಿರಬೇಕು. ಅವಳ ನಡಿಗೆಯೇ ಬದಲಾಗಿತ್ತು.

ಒಂದು ಸಂಜೆ ನಾಯಕಿ ಕಿಟಕಿಯ ಹತ್ತಿರ ಕೂತು ಅಳುತ್ತಿದ್ದಳು. ಅಪ್ಪ ಎಂದಿನಂತೆ, "ಏನಂತಾಳ ವೈನೀ?" ಎಂದ. ಒಳಗಿನಿಂದ ಉತ್ತರ ಬಂತು: "ಇಷ್ಟ ವರ್ಷ ಆತು ಈ ಮನಿಗಿ ಬಂದು, ನನ್ನ ಮಾರಿ ನೋಡಿ ಒಬ್ಬರೂ ಮಾತಾಡಲಿಲ್ಲ, ಅಂತಾಳ."

ನಾವೆಲ್ಲ ಟಿವಿಯನ್ನೇ ನೋಡುತ್ತಿದ್ದೆವು. ನಾಯಕಿಯ ಬಾಯಿ ಮುಚ್ಚಿತ್ತು. ಅವಳು ಒಂದು ಮಾತೂ ಆಡಿರಲಿಲ್ಲ.

ಅಪ್ಪ ಎದ್ದು ಹೋಗಿ ಮಗ್ಗ ಬಂದ್ ಮಾಡಿದ. ಕರೆಂಟು ಇರುವಾಗ ಅವನು ಮಗ್ಗ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಅಡಿಗೆಮನೆಗೆ ನಡೆದ, ನಾನೂ ಹಿಂದೆ ಹೋದೆ. ಒಲೆಗೂ ಗೋಡೆಗೂ ನಡುವೆ ನಿಲ್ಲಲು ಜಾಗವಿರಲಿಲ್ಲ; ಅವಳ ಮುಖ ಕಾಣುವಂತೆ ಓರೆಯಾಗಿ ನಿಂತ.

"ಏನಂದ್ರಿ ವೈನೀ?"

"ನಾ ಎಲ್ಲಿ ಅಂದ್ನಿ? ಅಕಿ ಅಂದ್ಳು" ಎಂದಳು ದೊಡ್ಡವ್ವ, ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತದೆ.

ಕೆಲವು ದಿನಗಳ ಮೇಲೆ ರಬಕವಿಯಿಂದ ಟಿವಿ ಮೆಕ್ಯಾನಿಕ್ ಬಂದ. ನಮ್ಮ ಹಂಚಿಕೆ ಕಂಡು ಹೊಟ್ಟೆ ಹಿಡಿದು ನಕ್ಕ. ಐದನ್ನೂ ಪಡಸಾಲೆಯಲ್ಲಿಯೇ ಇಡಬೇಕು, ಉದ್ದನೆಯದು ಟಿವಿಯ ಕೆಳಗೆ ಬರಬೇಕು ಎಂದ. ಅದನ್ನು ತೆಗೆಯಲು ಮಾಡಕ್ಕೆ ಕೈ ಹಾಕಿದಾಗ ಅಪ್ಪ ತಡೆದ. "ಅದು ವೈನಿದು. ಅಲ್ಲೇ ಇರಲಿ."

ನಾವೆಲ್ಲ ದೊಡ್ಡವ್ವನ ಕಡೆ ನೋಡಿದೆವು. ಅವಳು ಕೈ ಒರೆಸಿಕೊಂಡು ಈ ಕಡೆ ತಿರುಗಿದಳು.

"ಪೆಟ್ಟಿಗಿ ಒಯ್ರಿ ತಮ್ಮಾ. ನನಗದು ಬ್ಯಾಡ. ಒಲಿ ಈ ಕಡಿ ತಿರುಗಸ್ರಿ."

ಅಪ್ಪ ಗೌಂಡಿಯನ್ನು ಕರೆಸಿ ಒಲೆಯ ಕಟ್ಟೆ ಒಡೆಸಿದ. ಹೊಸ ಕಟ್ಟೆ ಬಾಗಿಲಿಗೆ ಮುಖ ಮಾಡಿತು. ಮಗ್ಗ ನಡೆಯುತ್ತಿದ್ದಾಗಲೂ ಬಾಗಿಲಲ್ಲಿ ಹಾಯುವವರು ತುಟಿ ಅಲುಗಿಸಿ ಅವಳಿಗೊಂದು ಮಾತು ಹೇಳಿ ಹೋಗುವುದು ರೂಢಿಯಾಯಿತು. ಅವಳಿಂದ ಬರುತ್ತಿದ್ದ ಉತ್ತರ ಮಾತ್ರ ಓಣಿಗೆಲ್ಲ ಕೇಳುತ್ತಿತ್ತು. ದೊಡ್ಡವ್ವ ಈಗಿಲ್ಲ. ಅವಳ ನೆನಪಾದಾಗಲೆಲ್ಲ ನನಗೆ ಅವಳ ಮುಖವೇ ಕಾಣುತ್ತದೆ, ಬೆನ್ನಲ್ಲ. ಅದಕ್ಕಾಗಿ ಅಪ್ಪನಿಗೆ ನಾನು ಋಣಿ.

"ಇದನ್ನೂ ಇಟ್ಕೊಳ್ಳೇನ್ರೀ?" ಎಂದು ಅಂಗಡಿಯವನು ಕೇಳಿದ. ಇಟ್ಟುಕೋ ಎಂದೆ. ದೊಡ್ಡವ್ವನೇ ಬೇಡವೆಂದ ಪೆಟ್ಟಿಗೆಯನ್ನು ನಾನು ಮನೆಗೆ ತಂದು ಪೂಜೆ ಮಾಡುವುದು ಸರಿಯಲ್ಲ.

ಸೌಂಡ್‌ಬಾರ್ ಒಂದೇ ಒಂದು ಪಟ್ಟಿ. ಹಂಚಿಕೊಳ್ಳುವ ಪ್ರಶ್ನೆಯೇ ಇಲ್ಲ. ಗೋಡೆಗೆ ದನಿ ಬಡಿದು ಹಿಂದಿನಿಂದ ಬಂದಂತೆ ಕೇಳುತ್ತದಂತೆ. ಸಂಜೆ ಅದನ್ನು ಹಚ್ಚಿ ಕೂತು, ಅಂಗಡಿಯಲ್ಲಿ ನಡೆದದ್ದನ್ನು ಟಿವಿಯ ಮೇಲೆ ಕಣ್ಣಿಟ್ಟುಕೊಂಡೇ ಹೆಂಡತಿಗೆ ಹೇಳತೊಡಗಿದೆ.

"ಏನಂದ್ರಿ?" ಎಂದಳು ಅಡಿಗೆಮನೆಯಿಂದ.

ಬೇರೆ ದಿನವಾಗಿದ್ದರೆ ಅಲ್ಲಿಂದಲೇ ಇನ್ನೊಮ್ಮೆ ಒದರುತ್ತಿದ್ದೆ. ಇವತ್ತು ಟಿವಿ ಆರಿಸಿ ಎದ್ದು ಹೋದೆ. ನಮ್ಮ ಹೊಸ ಮನೆಯಲ್ಲಿಯೂ ಗ್ಯಾಸಿನ ಕಟ್ಟೆ ಗೋಡೆಗೇ ಮುಖ ಮಾಡಿದೆ. ಗೋಡೆಗೆ ಚೆಂದದ ಟೈಲ್ಸ್ ಹಾಕಿಸಿದ್ದೇವೆ.

"ಈ ಕಟ್ಟಿ ಬಾಗಲ ಕಡಿ ತಿರುಗಸೂಣೇನು?" ಎಂದೆ ಅವಳ ಬೆನ್ನಿಗೆ.

ಅವಳು ಗ್ಯಾಸು ಸಣ್ಣ ಮಾಡಿ, ಸೌಟು ಹಿಡಿದೇ ತಿರುಗಿದಳು.

"ಕಟ್ಟಿ ಆಮ್ಯಾಲ ತಿರುಗಸ್ರಿ. ಈಗ ನಾ ತಿರುಗೇನಲ್ಲ, ಮೊದಲ ಏನೋ ಹೇಳಾಕತ್ತಿದ್ರಿ, ಅದನ್ನ ಹೇಳ್ರಿ."